ಹಾಲು, ಗೂಡು, ಹಣ್ಣು: ಸುಗಟೂರು ಸೀಮೆಯ ಸಣ್ಣ ರೈತನ ಚರಿತ್ರೆ

ನೂರು ವರ್ಷಗಳ ನೆನಪಿಗೆಂದು ಹೊರಡುವ ಸಂಚಿಕೆಯಲ್ಲಿ ದೇವಾಲಯದ ಗೋಡೆ, ಗೋಪುರ, ಗಂಟೆಗಳ ಚರಿತ್ರೆ ಬರುವುದು ಸಹಜ. ಸೇವೆ ಸಲ್ಲಿಸಿದ ಗುರುಗಳ ಸ್ಮರಣೆ ಬರುವುದು ಯುಕ್ತ. ಆದರೆ ಹಬ್ಬದ ದಿನ ಕಾಣಿಕೆಯ ತಟ್ಟೆಗೆ ನಾಣ್ಯ ಹಾಕಿದ ಕೈಗಳು ಆ ನಾಣ್ಯವನ್ನು ಯಾವ ದುಡಿಮೆಯಿಂದ ಗಳಿಸಿದವು, ಆ ದುಡಿಮೆಗೆ ನ್ಯಾಯವಾದ ಬೆಲೆ ದೊರಕಿತೇ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಗ್ರಾಮಗಳಲ್ಲಿ ಎರಡು ಮೂರು ಎಕರೆಯ ಹಿಡುವಳಿಯನ್ನು ನೆಚ್ಚಿ ಬದುಕುವ ಕುಟುಂಬಗಳೇ ಹೆಚ್ಚು. ಅವರು ಬೆಳೆದದ್ದು ಹೊಲದಿಂದ ಹೊರಟು ಪಟ್ಟಣದ ಮನೆಯನ್ನು ಮುಟ್ಟುವವರೆಗೆ ಎಷ್ಟೋ ಕೈಗಳನ್ನು ದಾಟುತ್ತದೆ. ಆ ಹಾದಿಯಲ್ಲಿ ಬಂಡವಾಳ ಹೂಡಿದವರು ಯಾರು, ಅದರಿಂದ ರೈತನಿಗೆ ಉಳಿದದ್ದೇನು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸಲು ನಾವು ಪ್ರಯತ್ನಿಸಿದ್ದೇವೆ.

ನದಿಯಿಲ್ಲದ ನಾಡು

ಸುಗಟೂರು ಇಂದು ಕೋಲಾರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಹಿಂದೊಮ್ಮೆ ಇದು ಪಾಳೆಯಗಾರರ ನೆಲೆ. ಹೊಸಕೋಟೆಯನ್ನು ಕಟ್ಟಿಸಿದ ತಮ್ಮೇಗೌಡ ಸುಗಟೂರಿನ ಪ್ರಭುಗಳ ವಂಶದವನೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಹದಿನೇಳನೆಯ ಶತಮಾನದಲ್ಲಿ ಈ ಪ್ರದೇಶ ಬಿಜಾಪುರದ ವಶವಾಗಿ ಶಹಾಜಿಯ ಜಹಗೀರಿಗೆ ಸೇರಿತು. ಅನಂತರ ಮೊಗಲರು, ಮೈಸೂರಿನ ಅರಸರು, ಕಮಿಷನರರ ಆಡಳಿತ, ಮತ್ತೆ ಅರಸರು. ಒಡೆಯರು ಬದಲಾದರೂ ಕಂದಾಯ ಬದಲಾಗಲಿಲ್ಲ. ಕಣದಲ್ಲಿ ರಾಶಿ ಮಾಡಿದ ರಾಗಿಯಲ್ಲಿ ಮೊದಲ ಪಾಲು ಯಾರದು ಎಂಬುದನ್ನು ಬೆಳೆದವನು ನಿಶ್ಚಯಿಸಿದ ಕಾಲ ಅಪರೂಪ.

ಈ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್, ಪಿನಾಕಿನಿಗಳು ನಮ್ಮ ಸುತ್ತಮುತ್ತಲೇ ಹುಟ್ಟಿದರೂ ನೀರಿನ ಸೌಭಾಗ್ಯ ಕೆಳಗಿನ ನಾಡುಗಳಿಗೆ ಸೇರಿದ್ದು. ಹಿರಿಯರು ಕೆರೆಗಳನ್ನು ಕಟ್ಟಿದರು, ಕೆರೆಯ ಕೆಳಗೆ ಗದ್ದೆ ಮಾಡಿದರು, ಮೇಲಿನ ಖುಷ್ಕಿಯಲ್ಲಿ ರಾಗಿ, ಅವರೆ, ಹುರುಳಿ ಬಿತ್ತಿದರು. ಮಳೆ ಕೈಕೊಟ್ಟಾಗ ಗತಿಯಿಲ್ಲ. 1876ರಿಂದ 1878ರವರೆಗೆ ಬಂದ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು. ಆದರೆ ರೈಲಿನಲ್ಲಿ ಬಂದ ಧಾನ್ಯವನ್ನು ಕೊಳ್ಳಲು ಹಳ್ಳಿಯವನ ಕೈಯಲ್ಲಿ ಕಾಸಿರಲಿಲ್ಲ. ಬರಿಯ ಬೆಳೆಯನ್ನು ನೆಚ್ಚಿದ ಬಡವನಿಗೆ ಬೆಳೆ ಹೋದ ವರ್ಷ ಕೈಗೆ ನಾಲ್ಕು ಕಾಸು ತರುವ ಮತ್ತೊಂದು ದಾರಿ ಇರಲೇಬೇಕು ಎಂಬ ಪಾಠವನ್ನು ಆ ಬರ ಬಹು ಕ್ರೂರವಾಗಿ ಕಲಿಸಿತು.

ಚಿನ್ನ ಕೊಟ್ಟದ್ದು, ಚಿನ್ನ ಕೊಡದಿದ್ದದ್ದು

ಈ ಬರ ಮುಗಿದ ಎರಡೇ ವರ್ಷಕ್ಕೆ, 1880ರಲ್ಲಿ, ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡಿತು. ನಮ್ಮ ಜಿಲ್ಲೆ ಕಂಡ ಅತಿ ದೊಡ್ಡ ಬಂಡವಾಳ ಇದೇ ಎಂದರೆ ಅತಿಶಯೋಕ್ತಿಯಾಗಲಾರದು. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಮೊದಲು ಬೆಳಗಿದ್ದು ಆ ಗಣಿಗಳನ್ನು. ಸುತ್ತಲಿನ ಹಳ್ಳಿಗಳು ಅದಾದ ಮೇಲೆ ಹಲವಾರು ದಶಕ ಬುಡ್ಡಿದೀಪದಲ್ಲಿಯೇ ರಾತ್ರಿಗಳನ್ನು ಕಳೆದವು. ಗಣಿಗಳು ಸಾವಿರಾರು ಕಾರ್ಮಿಕರಿಗೆ ಅನ್ನ ಕೊಟ್ಟವು. ಅವರಲ್ಲಿ ನಮ್ಮ ವಿಶ್ವಾಸಿ ಬಾಂಧವರೂ ಬಹುಮಂದಿ. ಆ ಋಣವನ್ನು ನಾವು ಮರೆಯುವುದಿಲ್ಲ. ಆದರೆ ಸುಮಾರು 800 ಟನ್ ಚಿನ್ನ ಹೊರಹೋದ ಮೇಲೆ 2001ರಲ್ಲಿ ಗಣಿಗಳು ಮುಚ್ಚಿದಾಗ, ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು ಮತ್ತು ಕೆಲಸವಿಲ್ಲದ ಕುಟುಂಬಗಳು. ಬಂಡವಾಳ ಬಂದ ಮಾತ್ರಕ್ಕೆ ನಾಡು ಏಳಿಗೆ ಹೊಂದುವುದಿಲ್ಲ; ಅದು ಯಾರ ಹತೋಟಿಯಲ್ಲಿದೆ, ಲಾಭ ಎಲ್ಲಿ ನಿಲ್ಲುತ್ತದೆ ಎಂಬುದೇ ಮುಖ್ಯ.

ರೇಷ್ಮೆಯ ಎಳೆ

ಸಣ್ಣ ರೈತನನ್ನು ದೂರದ ಮಾರುಕಟ್ಟೆಗೆ ಮೊದಲು ಜೋಡಿಸಿದ್ದು ರೇಷ್ಮೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರಿನಲ್ಲಿ ಬೇರೂರಿದ ಈ ಕಸುಬು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಹುಳುವಿನ ರೋಗದಿಂದ ಸೊರಗಿದಾಗ, ಡಿ ವೆಕ್ಕಿ ಎಂಬ ಇಟಲಿಯವರು 1860ರ ದಶಕದಲ್ಲಿ ಜಪಾನಿನಿಂದ ಮೊಟ್ಟೆಗಳನ್ನು ತರಿಸಿ ಅದಕ್ಕೆ ಜೀವ ಕೊಟ್ಟರು. ಜಮಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರನ್ನು ಕರೆಸಿ ರೇಷ್ಮೆಯ ಕ್ಷೇತ್ರವೊಂದನ್ನು ನಡೆಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನವೇ ಈ ಕಾರ್ಯವನ್ನು ಕೈಗೆತ್ತಿಕೊಂಡು ರೋಗರಹಿತ ಮೊಟ್ಟೆಯ ಸರಬರಾಜಿಗೆ ವ್ಯವಸ್ಥೆ ಮಾಡಿತು. ಒಂದೆಕರೆ ಹಿಪ್ಪುನೇರಳೆಯ ತೋಟವಿದ್ದ ಕುಟುಂಬಕ್ಕೆ ವರ್ಷದಲ್ಲಿ ನಾಲ್ಕೈದು ಬೆಳೆ. ಮನೆಯ ಹೆಣ್ಣುಮಕ್ಕಳು ಸೊಪ್ಪು ಕತ್ತರಿಸಿ ಹಾಕುವುದರಿಂದ ಹಿಡಿದು ಚಂದ್ರಂಕಿಯಿಂದ ಗೂಡು ಬಿಡಿಸುವವರೆಗೆ ಎಲ್ಲರಿಗೂ ಕೆಲಸ.

ಇಷ್ಟಾದರೂ ಗೂಡಿನ ಬೆಲೆ ರೈತನ ಕೈಯಲ್ಲಿರಲಿಲ್ಲ. ದಲ್ಲಾಳಿ ಮನೆಬಾಗಿಲಿಗೆ ಬರುತ್ತಿದ್ದ, ಕಣ್ಣಂದಾಜಿನಲ್ಲಿ ಬೆಲೆ ಹೇಳುತ್ತಿದ್ದ, ತೂಕದಲ್ಲಿ ಕಳೆಯುತ್ತಿದ್ದ. ಮುಂಗಡ ಪಡೆದವನಿಗೆ ಬಾಯಿ ತೆರೆಯುವ ಹಕ್ಕೂ ಇರಲಿಲ್ಲ. ಗೂಡನ್ನು ಹೆಚ್ಚು ದಿನ ಇಟ್ಟುಕೊಂಡರೆ ಚಿಟ್ಟೆ ಹೊರಬಂದು ಎಲ್ಲವೂ ಹಾಳು. ಈ ಅಸಹಾಯಕತೆಯನ್ನು ನಿವಾರಿಸಲು 1959ರಲ್ಲಿ ರಾಜ್ಯ ಸರ್ಕಾರ ರೇಷ್ಮೆ ಮೊಟ್ಟೆ, ಗೂಡು ಹಾಗೂ ನೂಲಿನ ನಿಯಂತ್ರಣ ಕಾಯಿದೆಯನ್ನು ತಂದಿತು. ಕೋಲಾರ, ಶಿಡ್ಲಘಟ್ಟ ಮುಂತಾದೆಡೆ ಗೂಡಿನ ಮಾರುಕಟ್ಟೆಗಳು ಎದ್ದವು. ಎಲ್ಲರೆದುರು ಹರಾಜು, ಸರಿಯಾದ ತಕ್ಕಡಿ, ಲೆಕ್ಕಕ್ಕೆ ಚೀಟಿ. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ರೇಷ್ಮೆ ಯೋಜನೆ ಆರಂಭವಾಯಿತು. ಇಲ್ಲಿ ಹೂಡಿದ ಹಣದ ಫಲವನ್ನು ನೋಡಬೇಕಾದರೆ ಕಟ್ಟಡವನ್ನಲ್ಲ, ಆ ಹರಾಜಿನ ಕಟ್ಟೆಯನ್ನು ನೋಡಬೇಕು. ಕೊಳ್ಳುವವರು ಹತ್ತು ಮಂದಿ ಒಂದೆಡೆ ನಿಂತು ಬೆಲೆ ಕೂಗುವಾಗ ಮಾರುವವನಿಗೆ ಧೈರ್ಯ ಬರುತ್ತದೆ.

ಆದರೆ ಮಾರುಕಟ್ಟೆಯ ಬಾಗಿಲಾಚೆಗೆ ರೈತನ ಮಾತು ನಡೆಯುವುದಿಲ್ಲ. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ, ಚೀನಾದ ನೂಲಿನ ಎದುರು ನಮ್ಮ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. ದೆಹಲಿಯಲ್ಲಿ ಬರೆದ ಒಂದು ಸಾಲು ಹಳ್ಳಿಯ ಹುಳುಮನೆಯ ಲೆಕ್ಕವನ್ನು ತಲೆಕೆಳಗು ಮಾಡಬಲ್ಲುದು.

ಹಾಲಿನ ಸಹಕಾರ

ಈ ಚರಿತ್ರೆಯಲ್ಲಿ ಅತ್ಯಂತ ಫಲಪ್ರದವಾದ ಅಧ್ಯಾಯ ಹಾಲಿನದು. ಸಹಕಾರವೆಂಬುದು ಕನ್ನಡ ನಾಡಿಗೆ ಹೊಸದಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ಸಹಕಾರ ಸಂಘಗಳ ಕಾನೂನನ್ನು ಹೊರಡಿಸಿತು. ಆದರೆ ಹಾಲಿನಲ್ಲಿ ಸಹಕಾರ ಹೇಗೆ ನಡೆಯಬೇಕೆಂಬುದನ್ನು ತೋರಿಸಿಕೊಟ್ಟವರು ಗುಜರಾತಿನ ಖೇಡಾ ಜಿಲ್ಲೆಯ ರೈತರು. ಮುಂಬಯಿಗೆ ಹಾಲು ಒಯ್ಯುವ ಏಕಸ್ವಾಮ್ಯ ಒಂದೇ ಖಾಸಗಿ ಕಂಪನಿಗಿದ್ದಾಗ, ತ್ರಿಭುವನದಾಸ ಪಟೇಲರ ನಾಯಕತ್ವದಲ್ಲಿ ಅವರು 1946ರಲ್ಲಿ ಆನಂದದಲ್ಲಿ ತಮ್ಮದೇ ಒಕ್ಕೂಟ ಕಟ್ಟಿದರು. ಕೇರಳದ ಡಾ. ವರ್ಗೀಸ್ ಕುರಿಯನ್ ಅವರು ಅದಕ್ಕೆ ತಂತ್ರಜ್ಞಾನದ ಬೆನ್ನೆಲುಬಾದರು. 1964ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಲ್ಲಿಗೆ ಬಂದು ನೋಡಿದ ಫಲವಾಗಿ ಮರುವರ್ಷವೇ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು.

1970ರಲ್ಲಿ ಕ್ಷೀರಧಾರೆ ಕಾರ್ಯಾಚರಣೆ ಆರಂಭವಾದಾಗ ಯೂರೋಪಿನ ರಾಷ್ಟ್ರಗಳು ತಮ್ಮಲ್ಲಿ ಹೆಚ್ಚಾಗಿದ್ದ ಹಾಲಿನ ಪುಡಿ, ಬೆಣ್ಣೆ ಎಣ್ಣೆಗಳನ್ನು ನಮ್ಮ ದೇಶಕ್ಕೆ ದಾನವಾಗಿ ಕೊಟ್ಟವು. ಪುಕ್ಕಟೆ ಬಂದ ಹಾಲನ್ನು ಅಗ್ಗವಾಗಿ ಹಂಚಿದ್ದರೆ ನಮ್ಮ ಹಸುವಿನ ಹಾಲನ್ನು ಕೇಳುವವರೇ ಇರುತ್ತಿರಲಿಲ್ಲ. ದಾನವೇ ಬಡವನಿಗೆ ಶಾಪವಾಗುತ್ತಿತ್ತು. ಹಾಗಾಗಲಿಲ್ಲ. ಆ ಪುಡಿಯನ್ನು ಮರಳಿ ಹಾಲು ಮಾಡಿ ನಗರಗಳಲ್ಲಿ ಮಾರುಕಟ್ಟೆಯ ಬೆಲೆಗೆ ಮಾರಿ, ಬಂದ ಹಣವನ್ನು ಹಳ್ಳಿಯ ಸಂಘಗಳಿಗೆ, ಶೀತಲೀಕರಣ ಕೇಂದ್ರಗಳಿಗೆ, ಟ್ಯಾಂಕರುಗಳಿಗೆ ಹೂಡಿದರು. ನೆರವೆಂದರೆ ಹೀಗಿರಬೇಕು: ಪಡೆದವನನ್ನು ಮತ್ತೆ ಕೈಚಾಚದಂತೆ ಮಾಡಬೇಕು.

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಹೈನು ಅಭಿವೃದ್ಧಿ ಯೋಜನೆ ರೂಪುಗೊಂಡಿತು. ಅದರ ನಿರ್ವಹಣೆಗೆ ಸ್ಥಾಪಿತವಾದ ನಿಗಮವೇ 1984ರಲ್ಲಿ ರೈತರ ಒಕ್ಕೂಟಗಳ ಮಹಾಮಂಡಳವಾಗಿ ಪರಿವರ್ತನೆ ಹೊಂದಿತು. ‘ನಂದಿನಿ’ ಎಂಬ ಹೆಸರು ಮನೆಮಾತಾಯಿತು. ಕೋಲಾರ ಜಿಲ್ಲೆಯ ಸಂಘಗಳು ಮೊದಲು ಬೆಂಗಳೂರಿನ ಒಕ್ಕೂಟದಲ್ಲಿದ್ದವು. 1987ರಲ್ಲಿ ಕೋಲಾರಕ್ಕೆ ಪ್ರತ್ಯೇಕ ಒಕ್ಕೂಟ ಬಂದಿತು. ಈ ನೆಲದವರೇ ಆದ ಎಂ.ವಿ. ಕೃಷ್ಣಪ್ಪನವರು ಕೇಂದ್ರದಲ್ಲಿಯೂ ರಾಜ್ಯದಲ್ಲಿಯೂ ಮಂತ್ರಿಗಳಾಗಿದ್ದು ಸೀಮೆಹಸುಗಳ ತಳಿಯನ್ನು ಹರಡಲು ಪಟ್ಟ ಶ್ರಮವನ್ನು ಜಿಲ್ಲೆಯ ಹಿರಿಯರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಇದರ ಕ್ರಮ ಸರಳ. ಬೆಳಿಗ್ಗೆ ಸಂಜೆ ಊರಿನ ಡೇರಿಗೆ ಹಾಲು ಹಾಕುವುದು. ಅಲ್ಲಿ ಅಳತೆ, ಅಲ್ಲಿಯೇ ಜಿಡ್ಡಿನ ಪರೀಕ್ಷೆ. ಎರಡು ಲೀಟರ್ ತಂದ ವಿಧವೆಗೂ ಇಪ್ಪತ್ತು ಲೀಟರ್ ತಂದ ಗೌಡರಿಗೂ ಒಂದೇ ದರ, ಒಂದೇ ಸಾಲು, ಸಂಘದ ಚುನಾವಣೆಯಲ್ಲಿ ಒಂದೇ ಮತ. ವಾರಕ್ಕೋ ಪಕ್ಷಕ್ಕೋ ತಪ್ಪದೆ ಬಟವಾಡೆ. ಪಶು ಆಹಾರ, ಕೃತಕ ಗರ್ಭಧಾರಣೆ, ಪಶುವೈದ್ಯರ ಸೇವೆ ಎಲ್ಲವೂ ಅದೇ ಬಾಗಿಲಲ್ಲಿ. ವರ್ಷದ ಕೊನೆಗೆ ಸಂಘಕ್ಕೆ ಲಾಭ ಉಳಿದರೆ ಹಾಕಿದ ಹಾಲಿನ ಪ್ರಮಾಣಕ್ಕೆ ತಕ್ಕಂತೆ ಬೋನಸ್. ರಾಗಿ ವರ್ಷಕ್ಕೊಮ್ಮೆ ಕೈಗೆ ಬಂದರೆ ಹಾಲಿನ ಹಣ ನಿತ್ಯದ್ದು. ಮಕ್ಕಳ ಶಾಲೆಯ ಶುಲ್ಕ, ಅಂಗಡಿಯ ಸಾಲ, ಔಷಧಿ ಇವುಗಳಿಗೆಲ್ಲ ಆ ಬಟವಾಡೆಯೇ ಆಸರೆ. 2008ರಲ್ಲಿ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭಿಸಿತು. ಮುಂದೆ ಅದು 5 ರೂಪಾಯಿಗೆ ಏರಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಮನೆಗಳು ಊರು ಬಿಡದೆ ಉಳಿದದ್ದು ಹಿತ್ತಲಿನ ಎರಡು ಹಸುಗಳ ಬಲದಿಂದ.

ಧರ್ಮಸಭೆಯ ಮಾತು

ಈ ವಿಷಯದಲ್ಲಿ ಧರ್ಮಸಭೆ ಮೌನವಾಗಿಲ್ಲ. 1891ರಲ್ಲಿ 13ನೆಯ ಲಿಯೋ ಜಗದ್ಗುರುಗಳು ದುಡಿಮೆಯ ನ್ಯಾಯವನ್ನು ಕುರಿತು ಹೊರಡಿಸಿದ ಪರಿಪತ್ರದ ಎಪ್ಪತ್ತನೆಯ ವರ್ಷದಲ್ಲಿ, ಎಂದರೆ 1961ರಲ್ಲಿ, 23ನೆಯ ಯೊವಾನ್ನ ಜಗದ್ಗುರುಗಳು ತಮ್ಮ ‘ಮಾತೆರ್ ಎತ್ ಮಜಿಸ್ತ್ರಾ’ ಪರಿಪತ್ರದಲ್ಲಿ ಬೇಸಾಯಗಾರರ ಸಮಸ್ಯೆಗೇ ವಿಸ್ತಾರವಾದ ಭಾಗವನ್ನು ಮೀಸಲಿಟ್ಟರು. ರೈತರು ಒಬ್ಬೊಬ್ಬರಾಗಿ ಕೂಗಿದರೆ ಕೇಳುವವರಿಲ್ಲ, ಸಹಕಾರ ಸಂಘಗಳಲ್ಲಿ ಒಂದಾಗಬೇಕು ಎಂಬುದು ಅದರ ತಿರುಳು. 1967ರಲ್ಲಿ 6ನೆಯ ಪೌಲ ಜಗದ್ಗುರುಗಳು, ಬಲವುಳ್ಳವನೂ ಬಲಹೀನನೂ ಮಾಡಿಕೊಂಡ ಒಪ್ಪಂದ ಒಪ್ಪಂದವಾದ ಮಾತ್ರಕ್ಕೆ ನ್ಯಾಯವಾಗುವುದಿಲ್ಲವೆಂದು ವ್ಯಾಪಾರದ ಬಗ್ಗೆ ಎಚ್ಚರಿಸಿದರು. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳ ಪರಿಪತ್ರವೂ ಸಣ್ಣ ಹಿಡುವಳಿಗಳ ಬೇಸಾಯವನ್ನು ಕಾಪಾಡುವ ಹೊಣೆಯನ್ನು ಸರ್ಕಾರಗಳ ಮುಂದಿಟ್ಟಿತು. ಗೂಡಿನ ದಲ್ಲಾಳಿಯ ಮುಂದೆ ಮುಂಗಡ ಪಡೆದು ನಿಂತ ರೈತನನ್ನು ನೆನೆದರೆ ಈ ಮಾತುಗಳು ರೋಮಿನಿಂದ ಬಂದವೋ ಸುಗಟೂರಿನಿಂದ ಹೊರಟವೋ ಎನಿಸದಿರದು.

ಕೊಂಡಿ ಇಲ್ಲದ ಕಡೆ

ಹಾಲಿಗೆ ದೊರೆತ ಭದ್ರತೆ ಹಣ್ಣು ತರಕಾರಿಗಳಿಗೆ ದೊರೆತಿಲ್ಲ. ಕೋಲಾರದ ಟೊಮ್ಯಾಟೊ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡವುಗಳ ಸಾಲಿಗೆ ಸೇರಿದ್ದು. 2023ರ ಜುಲೈನಲ್ಲಿ ಇಲ್ಲಿ 15 ಕಿಲೋ ಪೆಟ್ಟಿಗೆಗೆ 2,000 ರೂಪಾಯಿಗೂ ಮೀರಿದ ಬೆಲೆ ಬಂದು ದೇಶವೇ ಬೆರಗಾಯಿತು. ಅದೇ ಹಣ್ಣಿಗೆ ಕೂಲಿಯೂ ಗಿಟ್ಟದೆ ರಸ್ತೆಯ ಬದಿಗೆ ಸುರಿದ ದಿನಗಳನ್ನೂ ನಾವು ಕಂಡಿದ್ದೇವೆ. ಬೀಜ, ಗೊಬ್ಬರ, ಔಷಧಿ, ಕಡ್ಡಿ, ದಾರ, ಕೂಲಿ ಇವುಗಳಿಗೆ ಸಾಲ ತಂದವನು ರೈತ. ಬೆಲೆಯ ಏರಿಳಿತದ ಹೊರೆಯನ್ನೂ ಅವನೊಬ್ಬನೇ ಹೊರುತ್ತಾನೆ.

ಶ್ರೀನಿವಾಸಪುರದ ಮಾವಿನ ಕಥೆ ಇನ್ನೂ ಸ್ಪಷ್ಟ. ಮಾವಿನ ತವರೆಂದು ಹೆಸರಾದ ಈ ತಾಲ್ಲೂಕಿನ ತೋತಾಪುರಿ ಹಣ್ಣು ಬಹುಪಾಲು ತಿರುಳಿನ ಕಾರ್ಖಾನೆಗಳಿಗೆ ಹೋಗುವಂಥದು. ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಗಡಿಯಾಚೆಗಿನ ಚಿತ್ತೂರು ಜಿಲ್ಲೆಯಲ್ಲಿವೆ. 2025ರ ಜೂನ್‌ನಲ್ಲಿ ತಮ್ಮ ರೈತರ ಹಿತವನ್ನು ಕಾಯುವ ಸಲುವಾಗಿ ಚಿತ್ತೂರಿನ ಆಡಳಿತ ಕರ್ನಾಟಕದ ತೋತಾಪುರಿಗೆ ಪ್ರವೇಶವನ್ನು ನಿಷೇಧಿಸಿದಾಗ ಫಲ ಮರದಲ್ಲಿಯೇ ಕೊಳೆಯುವ ಸ್ಥಿತಿ ಬಂದಿತು. ಕೊನೆಗೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಾಲಿಗೆ 1,616 ರೂಪಾಯಿಯ ದರ ಗೊತ್ತುಮಾಡಿ, ಎರಡೂವರೆ ಲಕ್ಷ ಟನ್ ವರೆಗಿನ ಹಣ್ಣಿಗೆ ಬೆಲೆಯ ವ್ಯತ್ಯಾಸವನ್ನು ತುಂಬಿಕೊಡಲು ಒಪ್ಪಿತು. ಅಲ್ಲಿನ ರೈತನೂ ನಮ್ಮವನೇ; ಅವನ ಮೇಲೆ ನಮಗೆ ಕೋಪವಿಲ್ಲ. ತೋಟ ನಮ್ಮಲ್ಲಿ, ಕಾರ್ಖಾನೆ ಬೇರೆಯವರಲ್ಲಿ ಇರುವವರೆಗೆ ಇಂತಹ ಸಂಕಟ ತಪ್ಪುವುದಿಲ್ಲವೆಂಬುದೇ ನಾವು ಕಲಿಯಬೇಕಾದ ಪಾಠ.

ಇದಕ್ಕೆ ದಾರಿಯಿಲ್ಲವೆಂದಲ್ಲ. ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೊ ಸಂಸ್ಥೆಯನ್ನು ಕಟ್ಟಿದರು. ಕೋಕೋ ಬೆಳೆಯಲು ರೈತರನ್ನು ಹುರಿದುಂಬಿಸಿದ್ದ ಖಾಸಗಿಯವರು ಜಾಗತಿಕ ಬೆಲೆ ಬಿದ್ದಾಗ ಕೊಳ್ಳುವುದನ್ನು ನಿಲ್ಲಿಸಿದರು. ಆಗ ಬೆಳೆಗಾರರ ಸಂಸ್ಥೆಯೇ ಕೋಕೋ ಕೊಂಡಿತು. ಅಷ್ಟಕ್ಕೇ ನಿಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿತು. ಕರಾವಳಿಯವರಿಗೆ ಸಾಧ್ಯವಾದದ್ದು ಬಯಲುಸೀಮೆಯವರಿಗೆ ಏಕಾಗದು?

ನೀರಿನ ಲೆಕ್ಕ

ಜವಾಬ್ದಾರಿಯ ಬಂಡವಾಳವೆಂದರೆ ರೈತನ ಹಣದ ಲೆಕ್ಕವಷ್ಟೇ ಅಲ್ಲ, ನೆಲದ ಲೆಕ್ಕವೂ ಹೌದು. ಸೀಮೆಹಸುವಿಗೆ ಹಸಿಮೇವು ಬೇಕು, ಹಿಪ್ಪುನೇರಳೆಗೂ ಟೊಮ್ಯಾಟೊಗೂ ನೀರು ಬೇಕು. ಕೆರೆಗಳು ಹೂಳು ತುಂಬಿದಂತೆಲ್ಲ ಜನ ಕೊಳವೆ ಬಾವಿಗೆ ಮೊರೆಹೋದರು. ಸಾವಿರ ಅಡಿಯ ಆಚೆಗೂ ನೀರು ಕಾಣದೆ ಸಾಲವಷ್ಟೇ ಉಳಿದ ಮನೆಗಳು ಒಂದೆರಡಲ್ಲ. ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಬಳಸಿದ ಪ್ರದೇಶಗಳ ಪಟ್ಟಿಗೆ ಸೇರಿದವು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿ ಬತ್ತಿದ ಬಾವಿಗಳಲ್ಲಿ ಜಲ ಮೂಡಿತು. ಆ ನೀರನ್ನು ಇನ್ನೊಂದು ಹಂತ ಶುದ್ಧಿ ಮಾಡಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು. ನಗರ ನಮ್ಮ ಹಾಲು ತರಕಾರಿಗಳನ್ನು ಪಡೆಯುತ್ತದೆ; ಪ್ರತಿಯಾಗಿ ನಮ್ಮ ಕೆರೆಗೆ ನಿರ್ಮಲವಾದ ನೀರು ಕೊಡುವುದು ಉಪಕಾರವಲ್ಲ, ಋಣ.

ಮುಂದಿನ ನೂರು ವರ್ಷಕ್ಕೆ

ಈ ದೀರ್ಘ ಕಥನದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಚಿನ್ನದಲ್ಲಿ ಹೂಡಿದ ಹಣ ಅಪಾರ, ಆದರೆ ಹಳ್ಳಿಗೆ ಅದರಲ್ಲಿ ಪಾಲೂ ಇರಲಿಲ್ಲ, ಮಾತೂ ಇರಲಿಲ್ಲ. ರೇಷ್ಮೆಯಲ್ಲಿ ರೈತನಿಗೆ ನ್ಯಾಯವಾದ ತಕ್ಕಡಿ ದೊರೆಯಿತು. ಹಾಲಿನಲ್ಲಿ ತಕ್ಕಡಿಯೊಡನೆ ಮತವೂ ದೊರೆಯಿತು. ಆದ್ದರಿಂದಲೇ ಅದು ಉಳಿಯಿತು.

ಇಂದು ಅನೇಕ ಕಂಪನಿಗಳು, ಬ್ಯಾಂಕುಗಳು, ಸೇವಾಸಂಸ್ಥೆಗಳು ಹಳ್ಳಿಗೆ ಬಂದು ರೈತರೊಡನೆ ನೇರವಾಗಿ ವ್ಯವಹರಿಸುತ್ತೇವೆ, ಶೈತ್ಯಾಗಾರ ಕಟ್ಟುತ್ತೇವೆ, ಬೀಜ ಕೊಡುತ್ತೇವೆ ಎನ್ನುತ್ತಿವೆ. ಅವರನ್ನು ಸಂಶಯದಿಂದ ನೋಡಬೇಕಾಗಿಲ್ಲ, ಸ್ವಾಗತಿಸೋಣ. ಆದರೆ ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳೋಣ. ಬೆಲೆಯನ್ನು ಯಾರು, ಯಾರ ಎದುರು ಗೊತ್ತುಮಾಡುತ್ತಾರೆ? ಬೆಲೆ ಬಿದ್ದ ವರ್ಷವೂ ಕೊಳ್ಳುತ್ತಾರೆಯೇ? ಹಣ ಎಷ್ಟು ದಿನದೊಳಗೆ ಕೈ ಸೇರುತ್ತದೆ? ಹತ್ತು ವರ್ಷದ ಮೇಲೆ ಬಾವಿಯಲ್ಲಿ ನೀರು, ನೆಲದಲ್ಲಿ ಸತ್ವ ಉಳಿದಿರುತ್ತದೆಯೇ? ಈ ನಾಲ್ಕಕ್ಕೂ ಸಮರ್ಪಕ ಉತ್ತರ ಕೊಡಬಲ್ಲ ಬಂಡವಾಳವೇ ನಮಗೆ ಬೇಕಾದ ಬಂಡವಾಳ.

ಕೇಳುವ ಹಕ್ಕಿನೊಡನೆ ನಮ್ಮ ಕರ್ತವ್ಯವೂ ಉಂಟು. ಡೇರಿಯ ವಾರ್ಷಿಕ ಸಭೆಗೆ ಹೋಗದೆ, ಲೆಕ್ಕಪತ್ರ ನೋಡದೆ, ಹಾಲಿಗೆ ನೀರು ಬೆರೆಸುವವನನ್ನು ಕಂಡೂ ಕಾಣದಂತಿದ್ದು, ಚುನಾವಣೆಯಲ್ಲಿ ಜಾತಿ ಪಕ್ಷಗಳನ್ನು ನೋಡಿ ಮತ ಹಾಕಿದರೆ ಸಂಘ ಹೆಸರಿಗಷ್ಟೇ ನಮ್ಮದಾಗಿರುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ಮಳೆಗೆ ಮಾತ್ರವಲ್ಲ, ಹಾಲಿಗೂ ಮತಕ್ಕೂ ಸಲ್ಲುತ್ತದೆ. ಪಟ್ಟಣದಲ್ಲಿ ನೆಲೆಸಿರುವ ನಮ್ಮ ಬಾಂಧವರೂ ಹಣ್ಣು ತರಕಾರಿ ಕೊಳ್ಳುವಾಗ ಪೈಸೆಗೆ ಪೈಸೆ ಚೌಕಾಶಿ ಮಾಡುವ ಮುನ್ನ ಅದನ್ನು ಬೆಳೆದ ಕೈಯನ್ನು ಒಮ್ಮೆ ನೆನೆಯಲಿ. ವಿದ್ಯಾವಂತ ಯುವಕ ಯುವತಿಯರು ಸಂಘದ ಲೆಕ್ಕ ಬರೆಯಲು, ಮಾವಿನ ಬೆಳೆಗಾರರನ್ನು ಒಂದುಗೂಡಿಸಲು, ತಿರುಳಿನ ಘಟಕವೊಂದನ್ನು ನಮ್ಮ ತಾಲ್ಲೂಕಿನಲ್ಲಿಯೇ ನೆಲೆಗೊಳಿಸಲು ಮುಂದಾದರೆ, ಅದು ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಹಿರಿಯರಿಗೆ ಸಲ್ಲಿಸಬಹುದಾದ ಸಾರ್ಥಕವಾದ ಕಾಣಿಕೆಯಾದೀತೆಂದು ನಾವು ನಂಬಿದ್ದೇವೆ.